ಪ್ರಾಣ ಪಣಕ್ಕಿಟ್ಟವರಷ್ಟೇ ವೀರರೇ? ಅಪ್ಪನ ಪರ, ಮಗಳ ವಿರೋಧ

ಬನಶಂಕರಿ ಜಾತ್ರೆ ಮುಗಿಸಿಕೊಂಡು ಬಾದಾಮಿಗೆ ಬಂದು, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಅಪ್ಪ ಬೈಲಹೊಂಗಲ ಸೀಮೆಯಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿ ನಿವೃತ್ತರಾದವರು. ಶಾಸನ ಕಂಡರೆ ಸುಮ್ಮನಿರುವವರಲ್ಲ. ನಾನು ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಊರಿಗೆ ಸೊಸೆಯಾಗಿ ಹೋದವಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅಪ್ಪ ಮಾತಾಡಿದರೆ ಸುಮ್ಮನಿರುವವಳಲ್ಲ. ಅಲ್ಲಿ ಹತ್ತಿಕೊಂಡ ವಾದ ಬಾಗಲಕೋಟೆಯ ಬಸ್ ನಿಲ್ದಾಣದವರೆಗೂ ಆರಲಿಲ್ಲ. ವೀರ ಎನ್ನಬೇಕಾದರೆ ಪ್ರಾಣ ಪಣಕ್ಕಿಟ್ಟಿರಲೇಬೇಕೇ ಎಂಬುದು ಪ್ರಶ್ನೆ. ಕೊನೆಗೆ ಅವ್ವ, "ಇಬ್ಬರೂ ಬರದ ಇಡ್ರಿ, ನನ್ನ ಕಿವಿ ಉಳೀಲಿ" ಅಂದಳು. ಮೊದಲು ಅಪ್ಪನದು. ಹಿರಿಯರೆಂಬ ಕಾರಣಕ್ಕಲ್ಲ, ಅವರು ಮೊದಲು ಬರೆದು ಮುಗಿಸಿದರು.

ಪರ: ಪಣವಿಲ್ಲದೆ ವೀರನಿಲ್ಲ

ನಮ್ಮೂರ ಅಗಸಿಯಲ್ಲಿ ವರ್ಷದ ಮುನ್ನೂರು ದಿನ ಒಂದಲ್ಲ ಒಂದು ಫ್ಲೆಕ್ಸ್ ನೇತಾಡುತ್ತಿರುತ್ತದೆ. ಕಪ್ಪು ಕನ್ನಡಕ, ಕೈಮುಗಿದ ಭಂಗಿ, ಬೆನ್ನ ಹಿಂದೆ ಬಾಯಿ ತೆರೆದ ಹುಲಿ, ಕೆಳಗೆ ‘ರಿಯಲ್ ಹೀರೋ’. ಆ ಹೀರೋ ಮಾಡಿದ ಘನಕಾರ್ಯ ಏನೆಂದು ವಿಚಾರಿಸಿದರೆ ಗಣಪತಿ ಹಬ್ಬಕ್ಕೆ ಡಿಜೆ ಕೊಡಿಸಿದ್ದು. ಸೆಂಚುರಿ ಹೊಡೆದವನು ಹೀರೋ, ಪಿಯುಸಿಯಲ್ಲಿ ರ‍್ಯಾಂಕ್ ತೆಗೆದವಳು ಹೀರೋ, ಓಣಿಗೆ ಬೋರು ಹಾಕಿಸಿದವನಂತೂ ಸೂಪರ್ ಹೀರೋ. ಇವರೆಲ್ಲ ಒಳ್ಳೆಯವರೇ ಇರಬಹುದು, ನನ್ನ ತಕರಾರು ಅವರ ಮೇಲಲ್ಲ. ಒಂದು ಮಾತನ್ನು ಎಲ್ಲರ ಹೆಗಲಿಗೂ ಶಾಲಿನಂತೆ ಹೊದಿಸುತ್ತ ಹೋದರೆ ಅದರ ಕಸೂತಿ ಉದುರಿ ಬರೀ ಅರಿವೆ ಉಳಿಯುತ್ತದೆ.

ಕನ್ನಡಕ್ಕೇನು ಪದಗಳ ಬರ ಬಂದಿಲ್ಲ. ಕೊಟ್ಟವನು ದಾನಿ, ದುಡಿದವನು ಕಾಯಕಜೀವಿ, ದಾರಿ ತೋರಿದವನು ಗುರು, ಎಲ್ಲ ಬಿಟ್ಟವನು ವಿರಕ್ತ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು ಕಿಸೆಯಿಲ್ಲದ ಅಂಗಿ ತೊಟ್ಟು ಬದುಕಿದರು, 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು, ತಮಗೆ ಸ್ಮಾರಕ ಕಟ್ಟಬೇಡಿರೆಂದು ಬರೆದಿಟ್ಟು 2023ರ ಜನವರಿ 2ರಂದು ಹೊರಟುಹೋದರು. ಅವರನ್ನು ವೀರ ಎಂದು ಕರೆದರೆ ಅವರ ಎತ್ತರ ಹೆಚ್ಚುತ್ತದೆಯೇ? ಸಂತ ಎನ್ನುವ ಮಾತು ಅವರಿಗೆ ಸರಿಯಾದ ಅಳತೆಯ ಅಂಗಿ. ಹಾಗೆಯೇ ವೀರ ಎನ್ನುವ ಅಂಗಿಗೂ ಒಂದು ಅಳತೆಯಿದೆ, ಅದನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆದು ಇಟ್ಟಿದ್ದಾರೆ.

ನಮ್ಮ ಭಾಗದ ಯಾವ ಊರಿನ ಹನುಮಪ್ಪನ ಗುಡಿಯ ಹಿಂದೆ ಹೋದರೂ ಒಂದು ವೀರಗಲ್ಲು ಸಿಕ್ಕೀತು. ಅರ್ಧ ನೆಲದಲ್ಲಿ ಹುಗಿದು, ಎಣ್ಣೆ ಬಡಿದು ಕಪ್ಪಾಗಿ, ಯಾವ ದೇವರೆಂದು ಗೊತ್ತಿಲ್ಲದೆ ಪೂಜೆ ಮಾಡಿಸಿಕೊಳ್ಳುತ್ತಿರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂತಸ್ತಿನಲ್ಲಿ ಕಾಳಗ, ಬಹಳ ಸಲ ದನಗಳ ಸಾಲು. ತುರುಗೊಳ್, ಅಂದರೆ ಊರ ದನ ಹೊಡೆದುಕೊಂಡು ಹೋಗುವವರ ದಾಳಿ, ಅದನ್ನು ತಡೆಯಹೋಗಿ ಬಿದ್ದವನು. ನಡುವಿನ ಅಂತಸ್ತಿನಲ್ಲಿ ಅವನನ್ನು ಎರಡು ಬದಿಯಿಂದ ಹಿಡಿದು ಒಯ್ಯುವ ಅಪ್ಸರೆಯರು. ಮೇಲೆ ಶಿವನ ಸನ್ನಿಧಿ. ಕೆಲವು ಕಲ್ಲುಗಳ ಮೇಲೆ ‘ಜಿತೇನ ಲಭ್ಯತೇ ಲಕ್ಷ್ಮೀ’ ಎಂಬ ಶ್ಲೋಕವೂ ಇರುತ್ತದೆ: ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಈ ಕಾಯಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂದು.

ಅಪ್ಸರೆಯರ ಮಾತು ಬಿಡಿ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಪದ, ನೆತ್ತರುಗೊಡಗೆ. ಊರಿಗಾಗಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಹೊಲ. ನೆತ್ತರಿಗೆ ಕೊಟ್ಟದ್ದು ಎಂದು ನೇರವಾಗಿಯೇ ಹೆಸರಿಟ್ಟರು, ಮುಚ್ಚುಮರೆಯಿಲ್ಲ. ಯಾರನ್ನೋ ವೀರ ಎಂದು ಕರೆಯುವುದು ಹೊಗಳಿಕೆಯಲ್ಲ, ಸಾಲಪತ್ರ. ಮಾಸ್ತರನಿಗೆ ಪಗಾರ ಕೊಡುತ್ತೀರಿ, ವೈದ್ಯನಿಗೆ ಫೀ, ದಾನಿಗೆ ಹೆಸರು. ಲೆಕ್ಕ ಹೇಗೋ ಸರಿಹೋಗುತ್ತದೆ. ಪ್ರಾಣ ಕೊಟ್ಟವನಿಗೆ ಮಾತ್ರ ಏನನ್ನೂ ತಿರುಗಿ ಕೊಡಲಾಗುವುದಿಲ್ಲ. ತೀರಿಸಲಾಗದ ಆ ಸಾಲ ಮರೆಯಬಾರದೆಂದೇ ಕಲ್ಲು ನೆಟ್ಟರು, ಹೊಲ ಬಿಟ್ಟರು. ತೀರಿಸಬಹುದಾದ ಸಾಲಕ್ಕೆ ಕಲ್ಲು ನೆಡುವ ರೂಢಿ ಇರಲಿಲ್ಲ.

ಕಿತ್ತೂರಿನ ಕತೆಯನ್ನು ನಾನು ಎಷ್ಟು ವರ್ಷ ಹೇಳಿದೆನೋ, ಹೇಳುವಾಗಲೆಲ್ಲ ಒಂದು ಕಡೆ ಗಂಟಲು ಕಟ್ಟುತ್ತಿತ್ತು. 1824ರ ಅಕ್ಟೋಬರ್ 23ರಂದು ಕೋಟೆ ಬಾಗಿಲು ತೆರೆದದ್ದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದದ್ದು, ಇವು ಎಲ್ಲರಿಗೂ ಗೊತ್ತು. ಮಕ್ಕಳು ಅಲ್ಲಿ ಚಪ್ಪಾಳೆ ತಟ್ಟುತ್ತಾರೆ. ನನ್ನ ಗಂಟಲು ಕಟ್ಟುತ್ತಿದ್ದುದು ಅಲ್ಲಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ ಸೆರೆಯಾದಳು, ಎಲ್ಲ ಮುಗಿಯಿತು. ಅದಾಗಿ ಐದು ವರ್ಷ ಕಳೆದ ಮೇಲೆ ಸಂಗೊಳ್ಳಿಯ ಒಬ್ಬ ಶೇತಸನದಿ, ಅಂದರೆ ಊರ ಚಾಕರಿಗೆ ತುಂಡು ಹೊಲ ಪಡೆದ ಸಾಮಾನ್ಯ ಆಳು, ಎದ್ದು ನಿಲ್ಲುತ್ತಾನೆ. ಗೆದ್ದ ಪಕ್ಷದ ಎದುರು ಸೋತ ಪಕ್ಷವನ್ನು ಸೇರುವುದು! ಕೈಯಲ್ಲಿ ಸಂಸ್ಥಾನವಿಲ್ಲ, ಸೈನ್ಯವಿಲ್ಲ. ದತ್ತುಮಗನನ್ನು ಮತ್ತೆ ಗಾದಿಗೆ ಕೂಡಿಸುತ್ತೇನೆಂಬ ಒಂದು ಮಾತು, ಖಾನಾಪುರ ಸೀಮೆಯ ಕಾಡು, ಜೊತೆಗೆ ಬಂದ ನಾಲ್ಕು ಊರ ಜನ. ಕಚೇರಿಗಳಿಗೆ ಬೆಂಕಿ ಇಟ್ಟ, ಖಜಾನೆ ಹೊಡೆದ. ಮೋಸದಿಂದ ಹಿಡಿಸಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ.

ರಾಯಣ್ಣ ಸುಮ್ಮನಿದ್ದರೆ ಯಾರೂ ಬೈಯುತ್ತಿರಲಿಲ್ಲ. ಹೊಲ ಉತ್ತುಕೊಂಡು, ಕಂದಾಯ ಕಟ್ಟಿಕೊಂಡು, ಮೊಮ್ಮಕ್ಕಳಿಗೆ ಕಿತ್ತೂರಿನ ಕತೆ ಹೇಳಿಕೊಂಡು ಮುದುಕನಾಗಿ ಸಾಯಬಹುದಿತ್ತು. ಹಾಗೆ ಸತ್ತ ಸಾವಿರಾರು ಒಳ್ಳೆಯವರಲ್ಲಿ ಒಬ್ಬನಾಗಿರುತ್ತಿದ್ದ. ನಂದಗಡದ ಆಲದ ಮರದ ಕೆಳಗೆ ಇವತ್ತೂ ಜನ ಹರಕೆ ಹೊರುವುದು ಒಳ್ಳೆಯವನಿಗಲ್ಲ.

ಹಲಗಲಿಯದೂ ಇದೇ ಬಗೆ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಾಯಿದೆ ಬಂತು. ಮುಧೋಳ ಸೀಮೆಯ ಆ ಬೇಡರು ಒಪ್ಪಿಸಿಬಿಟ್ಟಿದ್ದರೆ ಊರು ಉಳಿಯುತ್ತಿತ್ತು. ಒಪ್ಪಿಸಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಹಿಡಿದವರಲ್ಲಿ 19 ಜನರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೆ ಹಾಕಿದರು. ಗೆಲ್ಲುವ ಆಸೆಯಿಂದ ಮಾಡಿದ್ದಲ್ಲ ಇದು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಯಾರೋ ಬರೆಸಿದ ಸಂಸ್ಕೃತ ಸಾಲು ಹಲಗಲಿಯವರಿಗೆ ಗೊತ್ತಿರಲಿಕ್ಕಿಲ್ಲ, ಆದರೆ ಅವರು ಬದುಕಿದ್ದು ಅದನ್ನೇ: ‘ವರಂ ತೇಜಸ್ವಿನೋ ಮೃತ್ಯುಃ, ನ ತು ಮಾನಾವಖಂಡನಂ’. ತೇಜಸ್ವಿಗೆ ಸಾವು ಲೇಸು, ಮಾನ ಮುಕ್ಕಾಗುವುದಲ್ಲ. ಸಾವು ಆ ಕ್ಷಣದ ದುಃಖ, ಮಾನಭಂಗ ದಿನದಿನವೂ.

ಹಾಗಾದರೆ ಹೆಲ್ಮೆಟ್ ಇಲ್ಲದೆ ಘಟಪ್ರಭಾ ಸೇತುವೆಯ ಮೇಲೆ ಬೈಕ್ ಹಾರಿಸುವವನೂ ಪ್ರಾಣ ಪಣಕ್ಕಿಟ್ಟವನೇ ಅಲ್ಲವೇ ಎಂದು ನನ್ನ ಮಗಳು ಬಸ್ಸಿನಲ್ಲಿ ಕೇಳಿದಳು. ಅಲ್ಲ. ಪಣ ಇನ್ನೊಬ್ಬರಿಗಾಗಿ ಇರಬೇಕು, ಮತ್ತು ಬೇಡ ಎನ್ನುವ ದಾರಿ ತೆರೆದಿರಬೇಕು. ಆಲಮಟ್ಟಿಯ ಹಿನ್ನೀರಿಗೆ ಮನೆ ಹೊಲ ಕೊಟ್ಟವರನ್ನು ವೇದಿಕೆ ಮೇಲೆ ‘ನಿಮ್ಮ ತ್ಯಾಗ ದೊಡ್ಡದು’ ಎಂದು ಹೊಗಳುವುದನ್ನು ಕೇಳಿದ್ದೇನೆ. ಅವರನ್ನು ಯಾರು ಕೇಳಿದ್ದರು? ಕಸಿದುಕೊಂಡದ್ದನ್ನು ತ್ಯಾಗ ಎನ್ನುವುದು ಕಸಿದವರ ಜಾಣತನ. ಅವರಿಗೆ ಬೇಕಾದದ್ದು ಪರಿಹಾರ, ಬಿರುದಲ್ಲ.

ಫ. ಗು. ಹಳಕಟ್ಟಿಯವರ ಮಾತೂ ಬಂತು. ವಿಜಯಪುರದಲ್ಲಿ ವಕೀಲಿ ಮಾಡುತ್ತ, ಮನೆಮನೆಯ ಜಗಲಿಯ ಮೇಲಿನ ತಾಡೋಲೆ ಕೂಡಿಸಿ, ವಚನಗಳನ್ನು ಅಚ್ಚಿಗೆ ತಂದವರು. ಅವರಿಲ್ಲದಿದ್ದರೆ ನಾನು ಶಾಲೆಯಲ್ಲಿ ಹೇಳಿದ ಅರ್ಧ ವಚನಗಳು ಇರುತ್ತಿರಲಿಲ್ಲ. ಅವರಿಗೆ ನಾನು ಸಾಷ್ಟಾಂಗ ಹಾಕುತ್ತೇನೆ. ವೀರ ಎನ್ನಲಾರೆ. ರಾತ್ರಿ ಮಲಗುವಾಗ ಅವರಿಗೆ ಮರುದಿನದ ಬೆಳಗು ಖಾತ್ರಿಯಿತ್ತು.

ಕೊನೆಗೊಂದು ಮನೆಯ ಮಾತು. ನಮ್ಮಣ್ಣ 1971ರ ಡಿಸೆಂಬರಿನಲ್ಲಿ ಪೂರ್ವದ ಗಡಿಯಲ್ಲಿ ಹೋದ. ಆಗ ಈಗಿನ ಹಾಗೆ ದೇಹ ಊರಿಗೆ ಬರುತ್ತಿರಲಿಲ್ಲ. ಒಂದು ತಂತಿ ಬಂತು, ಕೆಲವು ವಾರಗಳ ನಂತರ ಒಂದು ಹಸಿರು ಟ್ರಂಕು ಬಂತು. ನನಗೆ ಹದಿಮೂರು ವರ್ಷ. ಟ್ರಂಕಿನಲ್ಲಿ ಎರಡು ಅಂಗಿ, ಒಂದು ಕ್ಷೌರದ ಸಾಮಾನಿನ ಡಬ್ಬಿ, ನಾನು ಬರೆದಿದ್ದ ಕಾಗದ. ಆವತ್ತಿನಿಂದ ಇವತ್ತಿನವರೆಗೆ ಬೇರೆ ಯಾರನ್ನಾದರೂ ವೀರ ಎಂದು ಕರೆಯುವ ಮುನ್ನ ನಾನು ಆ ಟ್ರಂಕಿನ ಪಕ್ಕದಲ್ಲಿ ಅವರನ್ನು ನಿಲ್ಲಿಸಿ ನೋಡುತ್ತೇನೆ. ಬಹಳ ಜನ ನಿಲ್ಲುವುದಿಲ್ಲ.

ವಿರೋಧ: ಬಂಡೆಯ ಮೇಲೆ ಇನ್ನೂ ಸಾಲುಗಳಿವೆ

ಫ್ಲೆಕ್ಸಿನ ವಿಷಯದಲ್ಲಿ ಅಪ್ಪನ ಮಾತಿಗೆ ನನ್ನದೂ ಒಂದು ರುಜು. ಮುಂದೆ ಒಂದೂ ಇಲ್ಲ.

ಇತಿಹಾಸದ ಮಾಸ್ತರು ಬಂಡೆಯ ಮೇಲಿನ ಒಂದು ಶ್ಲೋಕ ಓದಿ ಕೆಳಗಿಳಿದುಬಿಟ್ಟಿದ್ದಾರೆ. ಅದರ ಮೇಲೇನಿದೆ? ‘ಕಪ್ಪೆ ಅರಭಟ್ಟನ್ ಶಿಷ್ಟಜನ ಪ್ರಿಯನ್, ಕಷ್ಟಜನ ವರ್ಜಿತನ್’. ಒಳ್ಳೆಯವರಿಗೆ ಬೇಕಾದವನು, ಕೆಟ್ಟವರು ದೂರವಿಟ್ಟವನು. ಕೆಳಗೇನಿದೆ? ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳೆಂದು ಹೆಸರಾದವು, ಮೊದಲನೆಯದು ಹೀಗೆ: ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’. ಸಾಧುವಿಗೆ ಸಾಧು, ಸಿಹಿಯಾದವರಿಗೆ ಸಿಹಿ, ಬಾಧಿಸುವವನಿಗೆ ಮಾತ್ರ ವಿಪರೀತ. ಇಡೀ ಶಾಸನ ಹುಡುಕಿದರೂ ಅವನು ಯಾವ ಯುದ್ಧದಲ್ಲಿದ್ದ, ಯಾರ ಕೈಯಲ್ಲಿ ಸತ್ತ ಎಂಬ ಸುದ್ದಿ ಇಲ್ಲ. ಸತ್ತನೋ, ಮುದುಕನಾಗಿ ಮೊಮ್ಮಕ್ಕಳಿಗೆ ಕತೆ ಹೇಳಿದನೋ, ಬಂಡೆಗೆ ಅದು ಮುಖ್ಯ ಅನ್ನಿಸಿಲ್ಲ. ಬರೆಸಿದವರು ಕೊಟ್ಟದ್ದು ಅವನ ಗುಣದ ಲೆಕ್ಕ: ಯಾರ ಜೊತೆ ಹೇಗಿದ್ದ.

ಮತ್ತೆ ಅಪ್ಪನ ಶ್ಲೋಕಕ್ಕೇ ಬರೋಣ. ಸಾವು ಕ್ಷಣದ್ದು, ಮಾನಭಂಗ ದಿನದಿನದ್ದು. ಗಣಿತದವಳು ನಾನು, ನನಗೆ ಇದು ಹೋಲಿಕೆಯ ಲೆಕ್ಕ ಎಂದೇ ಕಾಣುತ್ತದೆ. ಯಾವುದು ಹೆಚ್ಚು ಭಾರ? ಶ್ಲೋಕವೇ ಉತ್ತರ ಕೊಟ್ಟಿದೆ: ದಿನದಿನದ್ದು. ಹಾಗಿದ್ದರೆ ಆ ಹೆಚ್ಚಿನ ಭಾರವನ್ನು ಹೊತ್ತವರನ್ನು ನಾವು ಏನೆಂದು ಕರೆಯಬೇಕು?

ಪಣವೇ ಅಳತೆ ಎನ್ನುವವರನ್ನು ವಿಜಯಪುರದ ಸಾಠ್ ಕಬರ್‌ಗೆ ಕರೆದುಕೊಂಡು ಹೋಗಬೇಕು. ಕರಿಕಲ್ಲಿನ ಗೋರಿಗಳು, ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಸಾಲುಸಾಲು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಡುವ ಮುನ್ನ, ನೀನು ಮರಳುವುದಿಲ್ಲ ಎಂದು ಜ್ಯೋತಿಷಿ ಹೇಳಿದ್ದಕ್ಕೆ, ಅಫ್ಜಲ್ ಖಾನ್ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿಸಿದ ಎಂದು ಅಲ್ಲಿಯ ಕತೆ. ಕತೆ ಎಷ್ಟು ನಿಜವೋ, ಗೋರಿಗಳಂತೂ ಕಣ್ಣೆದುರು ಇವೆ. ಆ ಕತೆಯ ಖಾನನೂ ಸಾವು ಗೊತ್ತಿದ್ದೇ ಹೊರಟವನು. ತಡೆಯಿರಿ, ಅಪ್ಪ ಕೂಡಲೇ ಹೇಳುತ್ತಾರೆ: ಪಣ ಇನ್ನೊಬ್ಬರಿಗಾಗಿ ಇರಬೇಕು, ಇಚ್ಛೆಯಿಂದ ಇರಬೇಕು. ಅಲ್ಲೇ ಅವರು ಸೋತರು. ಯಾರಿಗಾಗಿ, ಯಾವ ಮನಸ್ಸಿನಿಂದ ಎಂಬುದೇ ತೂಕದ ಬಟ್ಟು ಆಗಿದ್ದರೆ ಪ್ರಾಣ ತಕ್ಕಡಿಯಲ್ಲಿ ಕೂತ ವಸ್ತುಗಳಲ್ಲಿ ಒಂದು ಅಷ್ಟೇ. ಅದನ್ನೇ ತಕ್ಕಡಿ ಮಾಡಬಾರದು.

ಆದರೆ ನನ್ನ ನಿಜವಾದ ತಕರಾರು ಬೇರೆ ಕಲ್ಲಿನದು. ವೀರಗಲ್ಲಿನ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದ ಅಪ್ಪ ಅದರ ಪಕ್ಕದಲ್ಲೇ ಇರುವ ಕಲ್ಲನ್ನು ಏಕೆ ಬಿಟ್ಟರು? ಮಾಸ್ತಿಕಲ್ಲು. ಒಂದು ಕಂಬ, ಕಂಬದಿಂದ ಹೊರಟ ತೋಳು, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಅಂಗೈ, ಮಣಿಕಟ್ಟಿನ ತುಂಬ ಬಳೆ, ಹೆಬ್ಬೆರಳ ಸಂದಿಯಲ್ಲಿ ಲಿಂಬೆಹಣ್ಣು. ಗಂಡನ ಚಿತೆ ಏರಿದವಳಿಗೆ ನೆಟ್ಟದ್ದು. ಕೆಲವು ಕಡೆ ವೀರಗಲ್ಲು, ಮಾಸ್ತಿಕಲ್ಲು ಒಂದೇ ಕಲ್ಲಿನಲ್ಲಿ ಇರುತ್ತವೆ: ಅವನು ದನಕ್ಕಾಗಿ ಸತ್ತ, ಅವಳು ಅವನಿಗಾಗಿ.

ಈಗ ಅಪ್ಪನ ಷರತ್ತುಗಳನ್ನು ಒಂದೊಂದಾಗಿ ಇಡಿ. ಇನ್ನೊಬ್ಬರಿಗಾಗಿ? ಹೌದು. ತಿರುಗಿ ಬಾರದ ಬೆಲೆ? ಹೌದು. ಇಚ್ಛೆಯಿಂದ? ಹೌದು ಎಂದೇ ಕಲ್ಲು ನೆಟ್ಟವರು ಹೇಳುತ್ತಾರೆ. ಅವಳನ್ನು ಕೇಳಿದವರು ಯಾರೂ ಬರೆದಿಟ್ಟಿಲ್ಲ. ಅಪ್ಪನ ಲೆಕ್ಕದಲ್ಲಿ ಅವಳು ನೂರಕ್ಕೆ ನೂರು ವೀರಳು. ನಮ್ಮ ಶಾಲೆಯ ಹುಡುಗಿಯರನ್ನು ಆ ಕಲ್ಲಿನ ಮುಂದೆ ನಿಲ್ಲಿಸಿ, ನೋಡ್ರೇ, ಇದು ಶೌರ್ಯ ಅಂತ ಹೇಳಲು ಅವರಿಗೆ ಬಾಯಿ ಬರುತ್ತದೆಯೇ? ಬರುವುದಿಲ್ಲ, ಅವರು ಅಂಥವರಲ್ಲ. ಸಾವನ್ನು ಅಳತೆಗೋಲು ಮಾಡಿಕೊಂಡ ಊರು ಹೆಂಗಸಿಗೆ ಗೌರವ ಕೊಡಬೇಕಾದಾಗಲೂ ಅವಳ ಸಾವನ್ನೇ ಕೇಳಿತು. ಬದುಕಿ ಉಳಿದು ಮಕ್ಕಳನ್ನು ಸಾಕಿದವಳಿಗೆ ಯಾವ ಕಲ್ಲೂ ಇಲ್ಲ. ಆ ಬಳೆಯ ಕೈ ಕಂಡಾಗಲೆಲ್ಲ ನನಗೆ ಮುಗಿಯಬೇಕು ಅನ್ನಿಸುವುದಿಲ್ಲ, ಹಿಡಿದು ಎಳೆದುಕೊಳ್ಳಬೇಕು ಅನ್ನಿಸುತ್ತದೆ.

ಚೆನ್ನಮ್ಮನ ಕತೆಯಲ್ಲೂ ಅಪ್ಪ ರಾಯಣ್ಣನ ಕಡೆ ಓಡಿಬಿಟ್ಟರು, ರಾಣಿಯನ್ನು ‘ಸೆರೆಯಾದಳು, ಎಲ್ಲ ಮುಗಿಯಿತು’ ಎಂಬ ಅರ್ಧ ಸಾಲಿನಲ್ಲಿ ಮುಗಿಸಿ. ಎಲ್ಲಿ ಮುಗಿಯಿತು? ಆಕೆ ಬೈಲಹೊಂಗಲದ ಕೋಟೆಯಲ್ಲಿ ನಾಲ್ಕು ವರ್ಷಕ್ಕೂ ಮೇಲೆ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅಪ್ಪ ಸಂತೆಗೆ ಹೋಗುವ ಊರದು. ರಾಣಿ ಕತ್ತಿ ಹಿಡಿದು ಕುದುರೆಯ ಮೇಲೆ ಕೂತ ಪುತ್ಥಳಿಗಳು ಎಷ್ಟೊಂದು ಊರುಗಳಲ್ಲಿವೆ. ಕಿಟಕಿಯ ಬಳಿ ಕೂತು ಹೊರಗಿನ ಸುದ್ದಿಗೆ ಕಾಯುವ ರಾಣಿಯ ಪುತ್ಥಳಿ ಒಂದನ್ನೂ ನಾನು ಕಂಡಿಲ್ಲ. ದಿನದಿನದ ದುಃಖ ಎಂದು ಬಂಡೆ ಹೇಳಿದ್ದು ಇದನ್ನೇ ಅಲ್ಲವೇ?

ಇನ್ನೊಂದು ಸಂಗತಿ ಇದೆ, ಅದನ್ನು ನನಗೆ ಹೇಳಿದ್ದೇ ಅಪ್ಪ. ಬರೆಯುವಾಗ ಮರೆತರೋ, ಮರೆಸಿದರೋ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆಯ ಇಬ್ಬರು ಸಹಾಯಕರು ಕಿತ್ತೂರಿನವರ ಕೈಗೆ ಜೀವಂತ ಸಿಕ್ಕಿದ್ದರು, ಸ್ಟೀವನ್ಸನ್ ಮತ್ತು ಎಲಿಯಟ್. ಎಲಿಯಟ್‌ಗೆ ಆಗ 21 ವರ್ಷ. ಮೇಲೆ ದಂಡು ಬರುವುದು ಖಾತ್ರಿ, ಊರಿನ ರಕ್ತ ಕುದಿಯುತ್ತಿದೆ. ಕೈಯಲ್ಲಿ ಸಿಕ್ಕ ವೈರಿಯನ್ನು ಕಡಿಯುವುದು ಎಷ್ಟು ಹೊತ್ತಿನ ಕೆಲಸ? ರಾಣಿ ಕೊಲ್ಲಲಿಲ್ಲ, ಹಿಂಸೆ ಕೊಡಲಿಲ್ಲ, ಕೊನೆಗೆ ಬಿಟ್ಟುಕೊಟ್ಟಳು. ಆ ವಾಲ್ಟರ್ ಎಲಿಯಟ್ ಮುಂದೆ ಇದೇ ಸೀಮೆಯಲ್ಲಿ ಊರೂರು ಹುಡುಕಿಸಿ 595 ಶಾಸನಗಳ ನಕಲು ಕೂಡಿಸಿದ. ಅಪ್ಪ ಮೂವತ್ತು ವರ್ಷ ಹೇಳಿದ ಚಾಳುಕ್ಯರ ಪಾಠದ ಅಡಿಗಲ್ಲುಗಳಲ್ಲಿ ಅವನ ನಕಲುಗಳೂ ಇವೆ. ಚೆನ್ನಮ್ಮನ ಕತ್ತಿ ಕೆಳಗಿಳಿದ ಆ ಗಳಿಗೆಗೆ ನಮ್ಮಲ್ಲಿ ಹಬ್ಬವಿಲ್ಲ. ನನಗಂತೂ ಥ್ಯಾಕರೆ ಬಿದ್ದ ಗಳಿಗೆಗಿಂತ ಅದು ದೊಡ್ಡದು. ಬಾಧಿಸುವವನಿಗೆ ವಿಪರೀತ, ಸೆರೆಸಿಕ್ಕವನಿಗೆ ಸಾಧು: ಅರಭಟ್ಟನ ತ್ರಿಪದಿ ಸಾವಿರದ ನೂರು ವರ್ಷ ಕಳೆದು ಕಿತ್ತೂರಿನಲ್ಲಿ ನಡೆದು ತೋರಿಸಿತು.

ಹಲಗಲಿಯ ಬಗ್ಗೆ ಒಂದೇ ಮಾತು. ಆ ದಂಗೆಯ ಲಾವಣಿಯನ್ನು ಅಪ್ಪ ನನಗೆ ಕಂಠಪಾಠ ಮಾಡಿಸಿದ್ದರು. ಅದರಲ್ಲಿ ದಂಡಿನವರು ದೋಚಿದ್ದರ ಪಟ್ಟಿ ಬರುತ್ತದೆ: ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಮಂಗಳಸೂತ್ರ, ಬೀಸುಕಲ್ಲು ಕೂಡ. ಲಾವಣಿಕಾರನಿಗೆ ಗೊತ್ತಿತ್ತು, ಗಂಡಸರು ನೇಣಿಗೆ ಹೋದ ಮರುದಿನ ಬೆಳಿಗ್ಗೆ ಏನಾಗುತ್ತದೆ ಎಂದು. ಸುಟ್ಟ ಊರಿನಲ್ಲಿ ಬೀಸುಕಲ್ಲಿಲ್ಲದೆ ಮಕ್ಕಳಿಗೆ ರೊಟ್ಟಿ ಬಡಿದವರ ಹೆಸರು ಅವನೂ ಹೇಳಲಿಲ್ಲ, ಆದರೆ ಬೀಸುಕಲ್ಲನ್ನಾದರೂ ಹೇಳಿದ.

ಈಗ ನಮ್ಮ ಹೊಳೆಗೆ ಬನ್ನಿ. ಕೃಷ್ಣೆ ಮಳೆಗಾಲದಲ್ಲಿ ಊರು ನುಂಗುತ್ತಾಳೆ, 2019ರ ಆಗಸ್ಟಿನಲ್ಲಿ ನಮ್ಮ ಅಡುಗೆಮನೆಯವರೆಗೆ ಬಂದಿದ್ದಳು. ಬೇಸಿಗೆಯಲ್ಲಿ ಬರೀ ಉಸುಕು. ಬ್ಯಾರೇಜ್ ಇಲ್ಲದ ಕಾಲಕ್ಕೆ ದಂಡೆಯ ಮೇಲೆ ಹೊಲ ಇದ್ದೂ ಪಂಪಿಗೆ ನೀರಿಲ್ಲ, ಏಪ್ರಿಲ್‌ನಲ್ಲಿ ಕಬ್ಬು ನಿಂತಲ್ಲೇ ಒಣಗುತ್ತಿತ್ತು ಅಂತ ನಮ್ಮ ಮಾವ ಹೇಳುತ್ತಿದ್ದರು. ಮಳೆಗಾಲದ ನೀರು ಹರಿಯಲು ಬಿಟ್ಟು, ಹೊಳೆ ಇಳಿಯತೊಡಗಿದಾಗ ಅಡ್ಡಗಟ್ಟಿ ಹಿಡಿದರೆ ಸಾಕು, ದಂಡೆಯ ಬಾವಿಗಳೂ ತುಂಬುತ್ತವೆ. ಇದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಸರ್ಕಾರ ಕಟ್ಟುವವರೆಗೆ ಕಾಯಲಾರದ ರೈತರು ತಾವೇ ದುಡ್ಡು ಕೂಡಿಸಿ, ತಾವೇ ಬುಟ್ಟಿ ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ನಿಲ್ಲಿಸಿದರು. ಹೆಸರು ಶ್ರಮಬಿಂದು ಸಾಗರ. ಇಂಥ ಹೆಸರು ಯಾವ ಕಚೇರಿಗೂ ಹೊಳೆಯುವುದಿಲ್ಲ. ಮುಂದೆ ನಿಂತ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು, 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯಂಥವರನ್ನೇ ಸೋಲಿಸಿದರು. ಅವರ ರಾಜಕೀಯದ ಬಗ್ಗೆ ಹೊಳೆಯ ಎರಡು ದಂಡೆಗೂ ಎರಡು ಮಾತಿವೆ, ಅದನ್ನು ಬಿಡಿ. ನಾನು ಹೇಳುವುದು ಬುಟ್ಟಿ ಹೊತ್ತವರ ಮಾತು.

ನಮ್ಮ ಮಾವ ಅವರಲ್ಲಿ ಒಬ್ಬರು. ಎರಡೆಕರೆಯ ರೈತ, ಎತ್ತು ಮಾರಿ ವಂತಿಗೆ ಕೊಟ್ಟರು. ಅತ್ತೆ ಮೂರು ದಿನ ಮಾತು ಬಿಟ್ಟಿದ್ದಳಂತೆ. ಪ್ರಾಣ ಪಣಕ್ಕಿಟ್ಟಿರಲಿಲ್ಲ, ರಾತ್ರಿ ಮಲಗುವಾಗ ಬೆಳಗು ಖಾತ್ರಿ ಇತ್ತು. ಆದರೆ ಕಟ್ಟಿದ್ದು ಕೊಚ್ಚಿಹೋದರೆ? ಊರು ನಕ್ಕರೆ? ಮುಂದಿನ ಬಿತ್ತಿಗೆಗೆ ಎತ್ತು ಎಲ್ಲಿ? ಇವು ಸಣ್ಣ ಭಯಗಳೇ. ಗುಂಡಿಗೆ ಎದೆ ಕೊಡುವವನಿಗೆ ಒಂದು ಸಲ ಧೈರ್ಯ ಬೇಕು, ನಮ್ಮ ಮಾವನಿಗೆ ದಿನಾ ಬೆಳಿಗ್ಗೆ ಬುಟ್ಟಿ ಎತ್ತುವಾಗ ಹೊಸದಾಗಿ ಬೇಕಾಗುತ್ತಿತ್ತು. ಆಯುಷ್ಯವನ್ನು ಇಡಿಗಂಟಾಗಿ ಕೊಟ್ಟವನ ಹೆಸರು ಕಲ್ಲಿನ ಮೇಲೆ, ಚಿಲ್ಲರೆ ಚಿಲ್ಲರೆಯಾಗಿ ಕೊಟ್ಟವನದು ನೀರಿನ ಮೇಲೆ. ಮೊತ್ತ ಎರಡೂ ಕಡೆ ಒಂದೇ ಬರುತ್ತದೆ, ಬೇಕಾದರೆ ಕೂಡಿಸಿ ನೋಡಿ.

ಹಳಕಟ್ಟಿಯವರನ್ನೂ ನಾನು ಈ ಲೆಕ್ಕಕ್ಕೇ ಹಾಕುತ್ತೇನೆ. ಅಚ್ಚಿನ ಯಂತ್ರಕ್ಕಾಗಿ ಇದ್ದ ಮನೆ ಮಾರಿದರು, ವಕೀಲರಾಗಿದ್ದೂ ಬಾಡಿಗೆ ಮನೆಯಲ್ಲಿ ಉಳಿದರು, 1964ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಬಿಡಲಿಲ್ಲ. ‘ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು’ ಅಂತ ನಮ್ಮಲ್ಲಿ ಗಾದೆ. ಉಪಕಾರ ಅರಿಯದ ಊರು ಹೆಣಕ್ಕೆ ಶೃಂಗಾರ ಮಾಡಿ ಸಮಾಧಾನ ಪಡೆಯುತ್ತದೆ. ಸತ್ತವನಿಗೆ ಜೈಕಾರ ಹಾಕುವುದು ಅಗ್ಗ, ಅವನು ತಿರುಗಿ ಏನನ್ನೂ ಕೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಗೆದ್ದೆ ಅಂದುಕೊಳ್ಳಬಹುದಿತ್ತು. ಆದರೆ ಟ್ರಂಕಿನ ಮಾತು ಉಳಿದಿದೆ.

ಟ್ರಂಕಿನಲ್ಲಿ ಏನಿತ್ತು ಎಂದು ಅಪ್ಪ ಬರೆದಿದ್ದಾರೆ. ಅದರ ಕೀಲಿ ಯಾರ ಸೊಂಟದಲ್ಲಿದೆ ಎಂದು ಬರೆದಿಲ್ಲ. ದೊಡ್ಡವ್ವನ ಸೊಂಟದಲ್ಲಿ. ತಂತಿ ಬಂದಾಗ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ತವರಿನವರು ಕರೆದರೂ ಹೋಗಲಿಲ್ಲ. ಪಿಂಚಣಿಯ ಒಂದು ಕಾಗದಕ್ಕಾಗಿ ಒಂದು ಕಚೇರಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿದಳೆಂದರೆ, ಅಲ್ಲಿಯ ಜವಾನ ಅವಳಿಗೆ ಚಹಾ ಕೊಡುವಷ್ಟು ಪರಿಚಯವಾದ. ಕಾಗದ ಮಾತ್ರ ಕೈಗೆ ಬರಲು ವರ್ಷಗಳೇ ಹಿಡಿದವು. ನೆತ್ತರುಗೊಡಗೆಯ ಕಾಲವಲ್ಲ ನೋಡಿ. ಅಷ್ಟರವರೆಗೆ ಕಂಡವರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಹದಿಮೂರು ವರ್ಷದ ಮೈದುನನನ್ನು ಶಾಲೆ ಬಿಡಿಸದೆ ಓದಿಸಿದಳು. ಆ ಮೈದುನ ಮುಂದೆ ಇತಿಹಾಸದ ಮಾಸ್ತರಾದ.

ಹೋದ ವಾರ ಊರಿಗೆ ಹೋದಾಗ ಈ ಬರಹವನ್ನು ದೊಡ್ಡವ್ವನಿಗೆ ಓದಿ ಹೇಳಿದೆ. ಮಾಸ್ತಿಕಲ್ಲಿನ ಭಾಗ ಬಂದಾಗ ತಲೆ ಅಲ್ಲಾಡಿಸಿದಳು. ನಿಜವಾದ ವೀರಳು ನೀನೇ ಅಂತ ಹೇಳಿ ಮುಗಿಸುವ ಯೋಚನೆ ನನ್ನದು. ಆ ಸಾಲು ಓದಿದೆ. ಅವಳಿಗೆ ಖುಷಿಯಾಗಲಿಲ್ಲ.

"ಇದನ್ನ ಹೊಡದ ಹಾಕು" ಅಂದಳು.

ಯಾಕೆ ಅಂದೆ.

"ಕಳೆ ತಗದಿದ್ದಕ್ಕ ಯಾರರ ವೀರ ಅಂತಾರೇನ? ಹೊಟ್ಟಿ ಇತ್ತು, ತಗದೆ. ಅವರಿಗೆ ಅನ್ನೂದನ್ನ ಮಾತ್ರ ಕಸಗೋಬ್ಯಾಡ. ಐವತ್ತ ವರ್ಷ ಆ ಒಂದ ಮಾತ ಹಿಡಕೊಂಡ ನಡದೀನಿ. ಅದೂ ಸುಳ್ಳ ಅಂದ್ರ ಅವರು ಸುಮ್ನ ಸತ್ತಂಗಾತು, ನಾ ಸುಮ್ನ ಇದ್ದಂಗಾತು."

ಸುಳ್ಳು ಅನ್ನುತ್ತಿಲ್ಲ ದೊಡ್ಡವ್ವಾ, ಅಳತೆ ಅಷ್ಟೇ ಅಲ್ಲ ಅನ್ನುತ್ತಿದ್ದೇನೆ ಅಂತ ಬಿಡಿಸಿ ಹೇಳಲು ಹೋದೆ. ನನಗೇ ನನ್ನ ಮಾತು ಶಾಲೆಯ ಮಾತಿನ ಹಾಗೆ ಕೇಳಿಸಿತು. ಆ ಸಾಲು ಹೊಡೆದುಹಾಕಿದ್ದೇನೆ. ಉಳಿದದ್ದರಲ್ಲಿ ಒಂದಕ್ಷರ ಬದಲಿಸಿಲ್ಲ, ಬದಲಿಸುವುದೂ ಇಲ್ಲ. ಅವಳು ಟ್ರಂಕು ತೆಗೆದು, ಅಂಗಿಗಳಿಗೆ ಹಾಕಿದ್ದ ಬೇವಿನ ಎಲೆ ಒಣಗಿವೆಯೋ ಎಂದು ಮುಟ್ಟಿ ನೋಡಿ, ಹೊಸ ಎಲೆ ಹಾಕಿ ಮುಚ್ಚಿದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಎಮ್ಮಿ ಹಿಂಡೂ ಹೊತ್ತಾತು" ಅನ್ನುತ್ತ ಎದ್ದಳು.